ಬೀಗರ ಮನೆಯ ನೆಲ, ನಮ್ಮ ಮನೆಯ ಹೊಸ್ತಿಲು

ನನ್ನ ಮೊಮ್ಮಗಳು ಮೊದಲ ಸಲ ಬೋರಲು ಬಿದ್ದದ್ದು ಬೀಗರ ಮನೆಯಲ್ಲಿ. ಮೊದಲ ಹಲ್ಲು ಕಾಣಿಸಿಕೊಂಡದ್ದು ಬೀಗರ ಮನೆಯಲ್ಲಿ. ಮೊದಲ ಸಲ ಕೇಕೆ ಹಾಕಿ ನಕ್ಕದ್ದೂ ಅಲ್ಲೇ, ಅದೂ ಬೀಗರ ಬೋಳು ತಲೆಯನ್ನು ನೋಡಿ. ನನ್ನ ತಲೆಯಲ್ಲಿ ಇನ್ನೂ ಕೂದಲಿದೆ. ಆ ಸುದ್ದಿ ಕೇಳಿದ ದಿನ ಕನ್ನಡಿಯ ಮುಂದೆ ನಿಂತು, ಇದೊಂದು ಇಲ್ಲದಿದ್ದರೆ ಚೆನ್ನಾಗಿತ್ತು ಅಂದುಕೊಂಡೆ.

ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವುದು ಪದ್ಧತಿ. ಅದಕ್ಕೆ ನಾನು ಬೇಡ ಎನ್ನುವ ಹಾಗಿರಲಿಲ್ಲ. ಸೊಸೆ ಸೀಮಂತ ಮುಗಿಸಿಕೊಂಡು ಜೆ.ಪಿ. ನಗರದ ತವರಿಗೆ ಹೋದಳು. ಮಗು ಹುಟ್ಟಿತು, ನಾಮಕರಣವಾಯಿತು, ಅವಳ ರಜೆ ಮುಗಿಯಿತು. ಅವಳು ಕೆಲಸ ಮಾಡುವ ಶಾಲೆ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಇನ್ನೊಂದಿಷ್ಟು ದಿನ ಮಗು ಅಲ್ಲೇ ಇರಲಿ ಎಂದರು. ನನ್ನ ಮಗ ಬೈಕ್ ಶೋರೂಮಿನ ಕೆಲಸ ಮುಗಿಸಿ ಸಂಜೆ ಅಲ್ಲಿಗೇ ಹೋಗುತ್ತಿದ್ದ. ಸುದ್ದಗುಂಟೆಪಾಳ್ಯದ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಉಳಿದೆವು. ಎರಡು ಮನೆಗಳ ನಡುವೆ ದೂರವೇನೂ ಇಲ್ಲ, ಟ್ರಾಫಿಕ್ ಮಾತ್ರ ಇದೆ.

ನಾನು ಟೈಲರ್. ಬಿಟಿಎಂ ಲೇಔಟಿನಲ್ಲಿ ಒಂದು ಸಣ್ಣ ಅಂಗಡಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕತ್ತರಿ ಹಿಡಿದವನು. ಈಗ ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಪಿಜಿಯಲ್ಲಿರುವ ಹುಡುಗ ಹುಡುಗಿಯರು ಆನ್‌ಲೈನಿನಲ್ಲಿ ತರಿಸಿದ ಪ್ಯಾಂಟು ಉದ್ದವಾಯಿತೆಂದು ಮಡಿಸಿ ಹೊಲಿಸಲು ಬರುತ್ತಾರೆ. ಮೊಮ್ಮಗಳು ಹುಟ್ಟಿದ ವಾರ ಪ್ಯಾಂಟು ತೆಗೆದುಕೊಳ್ಳಲು ಬಂದವರಿಗೆಲ್ಲ ಮೈಸೂರು ಪಾಕು ಕೊಟ್ಟೆ. ಕನ್ನಡ ಬಾರದ ಒಬ್ಬ ಹುಡುಗ ಅದನ್ನು ಅಂಗಡಿಯ ವಾರ್ಷಿಕೋತ್ಸವವೆಂದು ತಿಳಿದು ನನ್ನ ಕೈಕುಲುಕಿದ. ನಾನೂ ಕುಲುಕಿದೆ. ಆ ಸಂತೋಷವನ್ನು ಹೇಗೆ ಹೇಳಲಿ! ಕೈ ಸುಮ್ಮನಿರುತ್ತಿರಲಿಲ್ಲ. ಉಳಿದ ತುಂಡು ಬಟ್ಟೆಗಳಲ್ಲೆಲ್ಲ ಲಂಗ, ಫ್ರಾಕು, ಕುಲಾವಿ ಹೊಲಿದೆ. ನನ್ನ ಹೆಂಡತಿ ರಾಶಿ ನೋಡಿ, "ರೀ, ಒಂದು ಮಗು ರೀ ಹುಟ್ಟಿರೋದು, ಅಂಗನವಾಡಿ ಅಲ್ಲ" ಎಂದಳು.

ಪ್ರತಿ ಭಾನುವಾರ ಇಬ್ಬರೂ ಮಗುವನ್ನು ನೋಡಲು ಹೋಗುತ್ತಿದ್ದೆವು. ಬೀಗರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಹೊಟ್ಟೆಕಿಚ್ಚು ಪಡಲು ಒಂದು ನೆಪವಾದರೂ ಸಿಗುತ್ತಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಮಗುವನ್ನು ನನ್ನ ಕೈಗೇ ಕೊಡುತ್ತಿದ್ದರು. ಅದು ನನ್ನ ಮುಖ ನೋಡುತ್ತಿತ್ತು, ತುಟಿ ಸೊಟ್ಟ ಮಾಡುತ್ತಿತ್ತು, ಆಮೇಲೆ ಅವರ ಕಡೆಗೆ ಕೈ ಚಾಚುತ್ತಿತ್ತು. "ಹೊಸ ಮುಖ ಅಲ್ವಾ ಬೀಗರೇ, ಅಭ್ಯಾಸ ಆಗತ್ತೆ" ಎಂದು ಅವರು ಸಮಾಧಾನ ಹೇಳುತ್ತಿದ್ದರು. ನನ್ನ ವಂಶದ ಕುಡಿಗೆ ನಾನು ಹೊಸ ಮುಖ!

ಅವರದು ನಾಲ್ಕನೇ ಮಹಡಿಯ ಫ್ಲ್ಯಾಟು. ನೆಲಕ್ಕೆಲ್ಲ ಕೆನೆಬಣ್ಣದ ದೊಡ್ಡ ದೊಡ್ಡ ಟೈಲ್ಸು. ತಲೆಯ ಮೇಲೆ ತಿರುಗುವ ಫ್ಯಾನು ಕೆಳಗೂ ತಿರುಗುವಂತೆ ಕಾಣುತ್ತಿತ್ತು. ಆ ನೆಲದ ಮೇಲೆ ಮಗುವನ್ನು ಬಿಟ್ಟರೆ ಹೊಟ್ಟೆ ಎಳೆದುಕೊಂಡು ಮೀನಿನ ಹಾಗೆ ಹೋಗುತ್ತಿತ್ತು. ಒಂದು ಭಾನುವಾರ ಬೀಗರು ಅದರ ಮುಂದೆ ಕೆಂಪು ಚೆಂಡನ್ನು ಇಟ್ಟರು. ಚೆಂಡು ಇಟ್ಟಲ್ಲೇ ನಿಂತಿತು. ಮಗು ಹೋಗಿ ಅದನ್ನು ತಟ್ಟಿತು.

"ನೋಡಿ ಬೀಗರೇ, ನೆಲ ಲೆವೆಲ್ ಆಗಿದ್ದರೆ ಮಗು ತಾನಾಗೇ ಕಲಿಯತ್ತೆ" ಎಂದರು ಬೀಗರು.

ಅವರು ಯಾವ ಕೊಂಕೂ ಇಲ್ಲದೆ ಹೇಳಿದ ಮಾತದು. ನನಗೆ ಮಾತ್ರ ಸೂಜಿ ಚುಚ್ಚಿದ ಹಾಗಾಯಿತು. ಯಾಕೆಂದರೆ ನಮ್ಮ ಮನೆಯದು ಹಳೆಯ ಕೆಂಪು ಗಾರೆ ನೆಲ. ಅಲ್ಲಲ್ಲಿ ಬಿರುಕು, ಎರಡು ಕಡೆ ಗುಂಡಿ. ತೊಳೆದ ನೀರು ಹೊರಗೆ ಹೋಗಲೆಂದು ನಡುಮನೆಯ ನೆಲವನ್ನೆಲ್ಲ ಮುಂಬಾಗಿಲ ಕಡೆಗೆ ಇಳಿಜಾರು ಮಾಡಿಸಿದ್ದು ನಾನೇ, ಮನೆ ಕಟ್ಟಿದಾಗ. ಅಂಗಡಿಯ ಹೊಲಿಗೆಯನ್ನು ಮನೆಗೆ ತಂದು ಮಾಡುವಾಗ ದಾರದ ರೀಲು ಕೈ ಜಾರಿದರೆ ನಾನು ಹುಡುಕುವುದೇ ಇಲ್ಲ. ಎದ್ದು ಹೊಸ್ತಿಲ ಹತ್ತಿರ ಹೋದರೆ ಅಲ್ಲಿ ನಿಂತಿರುತ್ತದೆ.

ಆ ದಿನ ಬಸ್ಸಿನಲ್ಲಿ ಬರುವಾಗ ಹೆಂಡತಿಗೆ ಹೇಳಿದೆ, "ಎಲ್ಲಾ ಅವರ ಮನೇಲೇ ಆಗೋಯ್ತು. ನಮಗೇನು ಉಳೀತು?"

"ಹೊಸ್ತಿಲು ದಾಟೋದು ಉಳಿದಿದೆಯಲ್ಲ" ಎಂದಳು ಅವಳು.

ನಮ್ಮಲ್ಲಿ ಮಗು ಅಂಬೆಗಾಲಿಟ್ಟುಕೊಂಡು ಮೊದಲ ಸಲ ಮನೆಯ ಮುಂಬಾಗಿಲ ಹೊಸ್ತಿಲು ದಾಟಿದರೆ ಅದೊಂದು ಹಬ್ಬ. ಅದು ದಾಟಿದ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಪುರಿಗೆ ಕೊಬ್ಬರಿ ಬೆಲ್ಲ ಬೆರೆಸಿ ಬೀದಿಗೆಲ್ಲ ಹಂಚುತ್ತೇವೆ. ಹೋಳಿಗೆ ಮಾಡುತ್ತೇವೆ. ಯಾವ ಹೊಸ್ತಿಲನ್ನು ಮೊದಲು ದಾಟಿತೋ ಆ ಮನೆಯ ಋಣ ಮಗುವಿಗೆ ಗಟ್ಟಿ ಎಂದು ನನ್ನ ತಾಯಿ ಹೇಳುತ್ತಿದ್ದರು. ಅದೊಂದು ನಮ್ಮ ಮನೆಯಲ್ಲಿ ಆಗಬೇಕು. ಬೇರೆ ಎಲ್ಲವನ್ನೂ ಬೀಗರಿಗೆ ಬಿಟ್ಟುಕೊಡುತ್ತೇನೆ, ಇದೊಂದನ್ನು ಬಿಡುವುದಿಲ್ಲ ಎಂದು ಆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ತೀರ್ಮಾನ ಮಾಡಿದೆ. ಕಾರ್ತಿಕದ ಕೊನೆಯ ಸೋಮವಾರ ಮಗುವನ್ನು ಕರೆದುಕೊಂಡು ಬರುವುದೆಂದು ಎರಡೂ ಮನೆಯವರು ಮಾತಾಡಿಕೊಂಡೆವು. ಅಷ್ಟರೊಳಗೆ ನಮ್ಮ ನೆಲ ಬೀಗರ ನೆಲವನ್ನು ಮೀರಿಸಬೇಕು.

ಕಂಟ್ರಾಕ್ಟರನ್ನು ಹುಡುಕಲು ದೂರ ಹೋಗಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯವನು. ಅವನ ಸ್ಕೂಲ್ ಚಡ್ಡಿ ಹೊಲಿದವನು ನಾನು. ಈಗ ಅವನಿಗೆ ಎರಡು ಫೋನು, ಒಂದು ಬುಲೆಟ್ಟು, ಕೈಕೆಳಗೆ ಟೈಲ್ಸ್ ಕೂರಿಸುವ ಉತ್ತರದ ಕಡೆಯ ಕೆಲಸಗಾರರು. ಬಂದವನು ನೆಲವನ್ನು ಬೂಟುಗಾಲಲ್ಲಿ ಒಮ್ಮೆ ತಟ್ಟಿ ನೋಡಿದ.

"ಯಾವ ಟೈಲ್ಸ್ ಹಾಕ್ಸ್ತೀರಾ ಅಂಕಲ್?"

"ನಮ್ಮ ಬೀಗರ ಮನೇಲಿರೋದಕ್ಕಿಂತ ಒಂದು ಕೈ ಮೇಲಿರ್ಬೇಕು."

"ಬೀಗರ ಮನೇಲಿ ಯಾವ್ದಿದೆ?"

ಫೋನು ಕೊಟ್ಟೆ. ಅದರಲ್ಲಿ ಮೊಮ್ಮಗಳ ಫೋಟೋ ಬಿಟ್ಟು ಬೇರೆ ಏನೂ ಇಲ್ಲ. ಅವನು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಮಗುವನ್ನು ಒಂದು ಪಕ್ಕಕ್ಕೆ ತಳ್ಳಿ, ನೆಲವನ್ನು ನೋಡತೊಡಗಿದ.

"ಮೊದ್ಲು ಮಗೂನ ನೋಡಪ್ಪ!" ಎಂದೆ.

"ಮಗು ಸೂಪರ್ ಅಂಕಲ್. ನಿಮ್ಮ ಥರಾನೇ ಮೂಗು" ಎಂದ. ಆ ಒಂದು ಮಾತಿಗೆ ಅವನಿಗೆ ಕೆಲಸ ಸಿಕ್ಕಿತು. "ಇದು ತುಂಬಾ ನೈಸು ಅಂಕಲ್. ನೀರು ಬಿದ್ರೆ ಜಾರುತ್ತೆ. ಮಗು ನಿಂತ್ಕೊಳಕ್ಕೆ ಶುರು ಮಾಡಿದ್ರೆ ದಬಕ್ ಅಂತ ಬೀಳುತ್ತೆ. ಸ್ವಲ್ಪ ತರಿ ಇರೋ ಸೆರಾಮಿಕ್ ಬರುತ್ತೆ, ಹೊಳಪೂ ಇರುತ್ತೆ. ಅದನ್ನ ಹಾಕ್ಸಿ."

ಬೀಗರ ನೆಲದಲ್ಲಿ ಒಂದು ಕುಂದು ಸಿಕ್ಕಿತಲ್ಲ ಎಂದು ನನಗೆ ಹಬ್ಬವಾಯಿತು. "ಅವರ ನೆಲ ಜಾರತ್ತಂತೆ" ಎಂದು ಅಂದೇ ಸೊಸೆಗೆ ಫೋನು ಮಾಡಿ ಹೇಳಿದೆ. "ಯಾರು ಹೇಳಿದ್ರು ಮಾವ?" ಎಂದಳು. "ತಿಳಿದವರು" ಎಂದೆ.

ಹಳೆಯ ನೆಲವನ್ನು ಕಿತ್ತು ಹಾಕಿದರೆ ಒಳ್ಳೆಯದು, ಆದರೆ ಕೀಳುವುದಕ್ಕೆ, ಕಿತ್ತದ್ದನ್ನು ಸಾಗಿಸುವುದಕ್ಕೆ ಬಹಳ ದಿನ ಹಿಡಿಯುತ್ತದೆ ಎಂದ. ಕಾರ್ತಿಕ ಆಗಲೇ ಶುರುವಾಗಿತ್ತು. ಗಾರೆಯ ಮೈಯನ್ನು ಉಳಿಯಿಂದ ಕಚ್ಚು ಕಚ್ಚು ಮಾಡಿ, ಅದರ ಮೇಲೇ ಸಿಮೆಂಟು ಹಾಕಿ ಟೈಲ್ಸ್ ಕೂರಿಸುವುದೆಂದು ಒಪ್ಪಂದವಾಯಿತು. ಸಿಮೆಂಟಿನ ಧೂಳಿಗೆ ನನ್ನ ಹೆಂಡತಿಗೆ ಉಬ್ಬಸ ಬರುತ್ತದೆ. ಅವಳನ್ನು ಬನಶಂಕರಿಯಲ್ಲಿರುವ ಅವಳ ತಂಗಿಯ ಮನೆಗೆ ಕಳಿಸಿದೆ. ಹೊರಡುವಾಗ ಅವಳು, "ಏನು ಮಾಡಿದ್ರೂ ನನ್ನ ಕೇಳಿ ಮಾಡಿ" ಎಂದಳು. ಆಗಲಿ ಎಂದೆ.

ಕೆಲಸಗಾರರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಬ್ಬ ಆ ಗೋಡೆಗೆ, ಒಬ್ಬ ಈ ಗೋಡೆಗೆ ಹಿಡಿದು, ನೀರು ನಿಂತ ಮಟ್ಟಕ್ಕೆ ಗುರುತು ಹಾಕಿದರು. ಕಂಟ್ರಾಕ್ಟರು ಆ ಗುರುತುಗಳನ್ನು ನೋಡಿ ತಲೆ ಕೆರೆದುಕೊಂಡ.

"ಅಂಕಲ್, ನಿಮ್ಮ ನೆಲ ಬಾಗ್ಲ ಕಡೆ ಸಿಕ್ಕಾಪಟ್ಟೆ ಇಳಿದಿದೆ. ಹಂಗೇ ಇಳಿಜಾರಾಗೇ ಹಾಕ್ಬಿಡ್ಲಾ?"

"ಆಗಲ್ಲ. ದಾರದ ರೀಲು ಇಟ್ರೆ ಇಟ್ಟಲ್ಲೇ ನಿಲ್ಬೇಕು."

"ರೀಲು ಯಾಕೆ ಇಡ್ತೀರಾ ನೆಲದ್ ಮೇಲೆ?"

"ನಾನು ಇಡ್ತೀನಿ. ನಿಂಗ್ಯಾಕೆ?"

"ಹಂಗಾದ್ರೆ ಬಾಗ್ಲ ಹತ್ರ ಜಾಸ್ತಿ ತುಂಬ್ಬೇಕು. ಏರುತ್ತೆ."

"ಏರ್ಲಿ."

"ಬಾಗ್ಲು ಕೆಳಗಡೆ ಕೊಯ್ಬೇಕಾಗುತ್ತೆ."

"ಕೊಯ್ಯಿ. ಹೊರಗಡೆ ಜಗಲೀನೂ ಅದೇ ಎತ್ತರಕ್ಕೆ ತಗೊಂಬಾ. ಮಗು ಒಳಗಿಂದ ಹೊರಗೆ ಸಲೀಸಾಗಿ ಹೋಗ್ಬೇಕು."

"ಆಂಟೀನ ಒಂದ್ ಮಾತು ಕೇಳಿ ಅಂಕಲ್."

"ಆಂಟಿಗೆ ಅಡುಗೆಮನೆ. ನೆಲ ನಂದು" ಎಂದೆ.

ಅವನು ಕೈ ಎತ್ತಿ ಮುಗಿದ. ಕೆಲಸ ನಡೆಯಿತು. ನಾನು ಅಂಗಡಿಗೆ ಹೋಗುವ ಮುಂಚೆ ಒಂದು ಸಲ, ಮಧ್ಯಾಹ್ನ ಊಟಕ್ಕೆ ಬಂದು ಒಂದು ಸಲ ನೋಡುತ್ತಿದ್ದೆ. ಒಂದೊಂದೇ ಸಾಲು ಮುಂದುವರಿಯುತ್ತಿದ್ದರೆ ಹೊಸ ಬಟ್ಟೆಗೆ ಅಂಚು ಕೂಡುತ್ತಿರುವ ಹಾಗೆ ಕಾಣುತ್ತಿತ್ತು. ಕೆಲಸಗಾರ ಮರದ ಸುತ್ತಿಗೆಯಿಂದ ಟೈಲ್ಸಿನ ನಾಲ್ಕು ಮೂಲೆಗೂ ಮೆಲ್ಲಗೆ ತಟ್ಟಿ, ಕಣ್ಣು ಕೆಳಗೆ ತಂದು ನೋಡುತ್ತಿದ್ದ. ಇದರ ಮೇಲೆ ಆ ಪುಟ್ಟ ಮಂಡಿಗಳು ಬರುತ್ತವಲ್ಲ ಎಂದು ನೆನೆದು ನಾನೂ ಬಗ್ಗಿ ಅಂಗೈಯಿಂದ ಒಮ್ಮೆ ಸವರಿ ನೋಡುತ್ತಿದ್ದೆ. ಕೆಲಸಗಾರರಿಗೆಲ್ಲ ನಾನೇ ಟೀ ತರುತ್ತಿದ್ದೆ. ಕನ್ನಡ ಅವರಿಗೆ ಬಾರದು, ಹಿಂದಿ ನನಗೆ ಬಾರದು, ಫೋಟೋ ತೋರಿಸುತ್ತಿದ್ದೆ. ಅವರು ತಮ್ಮ ಮಕ್ಕಳ ಫೋಟೋ ತೋರಿಸುತ್ತಿದ್ದರು.

ಟೈಲ್ಸಿನ ಸಂದುಗಳಿಗೆಲ್ಲ ಬಿಳಿ ಸಿಮೆಂಟು ತುಂಬಿ ಒರೆಸಿದ ದಿನ ಬಾಗಿಲು ಹಾಕಿಕೊಂಡು, ನಡುಮನೆಯ ಮಧ್ಯೆ ಕೂತು, ರೀಲು ಇಟ್ಟೆ. ನಿಂತಿತು. ಗೋಡೆಯ ಬಳಿ ಇಟ್ಟೆ. ನಿಂತಿತು. ಬಾಗಿಲ ಬಳಿಯೂ ನಿಂತಿತು. ನನ್ನ ಜನ್ಮದಲ್ಲಿ ಅಂಥ ವಿಧೇಯ ರೀಲು ನೋಡಿರಲಿಲ್ಲ! ವಿಡಿಯೋ ತೆಗೆದು ಬೀಗರಿಗೆ ಕಳಿಸಿದೆ. ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ, ಅದರ ಹಿಂದೆಯೇ ತಮ್ಮದೊಂದು ವಿಡಿಯೋ ಕಳಿಸಿದರು. ಅದರಲ್ಲಿ ಮೊಮ್ಮಗಳು ಹೊಟ್ಟೆ ಎತ್ತಿ, ಕೈ ಮಂಡಿ ಊರಿ, ಅಂಬೆಗಾಲಿಡುತ್ತಿದ್ದಳು. ಅದೂ ಅವರ ಮನೆಯಲ್ಲೇ ಆಗಿಹೋಯಿತು. ಕುಣಿಯುವಷ್ಟು ಖುಷಿ, ಕುಣಿಯಲಾಗದಷ್ಟು ಉರಿ. ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಪ್ರತಿ ಸಲವೂ ಕೊನೆಯಲ್ಲಿ ಬೀಗರ ಧ್ವನಿ: "ಬಾ ನನ್ನ ರಾಣಿ."

ಮಾರನೆಯ ದಿನ ಹೆಂಡತಿ ಬನಶಂಕರಿಯಿಂದ ಆಟೋದಲ್ಲಿ ಬಂದಳು. ನಾನು ಬಾಗಿಲು ಪೂರ್ತಿ ತೆರೆದು, ಫ್ಯಾನು, ಲೈಟು ಎಲ್ಲ ಹಾಕಿ ಒಳಗೆ ನಿಂತಿದ್ದೆ. ಅವಳು ಚೀಲ ಹಿಡಿದು ಜಗಲಿ ಹತ್ತಿ, ಇಷ್ಟು ವರ್ಷ ಮಾಡಿದ ಹಾಗೆ ಹೊಸ್ತಿಲು ದಾಟಲು ಬಲಗಾಲು ಎತ್ತಿದಳು. ಎತ್ತಿದ ಕಾಲು ಎಲ್ಲಿ ಇಳಿಯಬೇಕೆಂದು ತಿಳಿಯದೆ ಧಪ್ಪನೆ ನೆಲಕ್ಕೆ ಬಡಿಯಿತು. ಮುಗ್ಗರಿಸಿದವಳು ಬಾಗಿಲವಾಡ ಹಿಡಿದು ನಿಂತಳು. ಕೆಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹೊಸ್ತಿಲು ಎಲ್ಲಿ?"

"ಅಲ್ಲೇ ಇದೆಯಲ್ಲ" ಎಂದೆ. ಆಗಲೇ ನಾನೂ ಸರಿಯಾಗಿ ನೋಡಿದ್ದು. ಒಳಗಿನ ಟೈಲ್ಸಿಗೂ ಹೊರಗಿನ ಟೈಲ್ಸಿಗೂ ನಡುವೆ ಮರದ ಒಂದು ಪಟ್ಟಿ, ಸೀರೆಯ ಅಂಚಿನ ಹಾಗೆ, ನೆಲಕ್ಕೆ ಸಮನಾಗಿ ಮಲಗಿತ್ತು. ಎರಡೂ ಕಡೆ ನೆಲ ಏರಿ ಏರಿ ಹೊಸ್ತಿಲು ಮುಳುಗಿಹೋಗಿತ್ತು. ದಿನಾ ಅದನ್ನು ದಾಟಿ ಓಡಾಡುತ್ತಿದ್ದ ನನಗೆ ಅದು ಕಾಣಲೇ ಇಲ್ಲ. ಅದನ್ನು ಬೆಳಿಗ್ಗೆ ತೊಳೆದು ಅರಿಸಿನ ಹಚ್ಚುವವಳು ಅವಳು. ನಾನು ಅದರ ಮೇಲೆ ಕಾಲಿಡದೆ ದಾಟುವವನು ಮಾತ್ರ.

ಅವಳು ಚೀಲವನ್ನು ಅಲ್ಲೇ ಇಟ್ಟಳು. ಕೂಗಾಡಿದ್ದರೆ ಚೆನ್ನಾಗಿತ್ತು. ತಣ್ಣಗೆ ಕೇಳಿದಳು, "ರೀ, ನಿಮ್ಮ ಮೊಮ್ಮಗಳು ಈಗ ಏನನ್ನ ದಾಟ್ತಾಳೆ? ಈ ಗೀಟನ್ನಾ?"

ಹೊಸ್ತಿಲು ದಾಟಿಸಬೇಕೆಂದು ನೆಲ ಮಾಡಿಸಿದೆ. ದಾಟಲು ಹೊಸ್ತಿಲೇ ಇಲ್ಲದ ಹಾಗೆ ಮಾಡಿಕೊಂಡೆ. ಅಲ್ಲಿ ಬೀಗರ ಮುಂಬಾಗಿಲಿಗೆ ತೇಗದ ಒಳ್ಳೆ ಎತ್ತರದ ಹೊಸ್ತಿಲಿದೆ. ಮಗುವಿಗೆ ಅಂಬೆಗಾಲು ಬಂದಿದೆ. ಸೋಮವಾರ ಇನ್ನೂ ದೂರ ಇದೆ.

ಕಂಟ್ರಾಕ್ಟರಿಗೆ ಫೋನು ಮಾಡಿದೆ. "ನಾಳೆ ಬರ್ತೀನಿ ಅಂಕಲ್" ಎಂದ. ಕಂಟ್ರಾಕ್ಟರುಗಳ ನಾಳೆ ಎಂದರೆ ಏನೆಂದು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ! ಅವನ ಕೆಲಸಗಾರರು ಬೇರೆ ಮನೆಗೆ ಹೋಗಿಬಿಟ್ಟಿದ್ದರು. ಕಾಯುವ ಆ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದ ಕೂಡಲೇ ಬೀಗರಿಗೆ ಫೋನು ಮಾಡತೊಡಗಿದೆ.

"ಬೀಗರೇ, ಮುಂಬಾಗಿಲು ಹಾಕಿದ್ದೀರಾ?"

"ಹಾಕಿದೆ. ಯಾಕೆ?"

"ಕಾಲ ಸರಿಯಿಲ್ಲ. ಬೀದಿನಾಯಿ ಕಾಟ ಜಾಸ್ತಿ."

"ನಾಲ್ಕನೇ ಮಹಡಿಗೆ ನಾಯಿ ಬರತ್ತಾ ಬೀಗರೇ?"

"ಲಿಫ್ಟ್ ಇದೆಯಲ್ಲ" ಎಂದೆ.

ಅವರು ನಕ್ಕರು. ಒಂದು ದಿನ ಅವರೇ ಫೋನು ಮಾಡಿ, "ಇವತ್ತು ಬಾಲ್ಕನಿ ಬಾಗಿಲ ತನಕ ಹೋಗಿಬಿಟ್ಟಿದ್ದಳು ನೋಡಿ ನಮ್ಮ ರಾಣಿ" ಎಂದರು. ಬಾಲ್ಕನಿಯದು ಸರಿಸುವ ಗಾಜಿನ ಬಾಗಿಲು, ಕೆಳಗೆ ಲೋಹದ ಹಳಿ. ಹೆಂಡತಿಯನ್ನು ಕೇಳಿದೆ, "ಹಳಿ ದಾಟಿದ್ರೆ ಹೊಸ್ತಿಲು ದಾಟಿದ ಲೆಕ್ಕಾನಾ?"

"ಅದೇನು ರೈಲಾ?" ಎಂದಳು. ಬಂದ ದಿನದಿಂದ ಮುನಿಸಿಕೊಂಡಿದ್ದವಳು ಮಾತಾಡಿದಳಲ್ಲ, ಅದೇ ದೊಡ್ಡದು.

ಕಂಟ್ರಾಕ್ಟರು ಕೊನೆಗೂ ಬಂದು, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.

"ರೀಲು ನಿಂತಿದೆಯಲ್ಲ ಅಂಕಲ್? ಅದನ್ನೇ ತಾನೆ ನೀವು ಕೇಳಿದ್ದು?"

"ತಮಾಷೆ ಸಾಕು ಮಾರಾಯ. ಏನು ಮಾಡೋಣ ಹೇಳು."

"ಮೇಲೆ ಒಂದು ಗ್ರಾನೈಟ್ ಪಟ್ಟಿ ಕೂರಿಸ್ಬಿಡೋಣ. ಎತ್ತರ ಬಂತು."

ಒಳಗಿನಿಂದ ನನ್ನ ಹೆಂಡತಿ, "ಕಲ್ಲು ಬೇಡಪ್ಪ. ನಮ್ಮ ಹೊಸ್ತಿಲು ಮರದ್ದು. ನಾನು ಮದುವೆಯಾಗಿ ಬಂದಾಗ ಅಕ್ಕಿ ಸೇರು ಒದ್ದು ಬಂದ ಹೊಸ್ತಿಲು. ಹಳೇ ಮನೆ ಕೆಡವಿದಾಗ ಅದನ್ನ ಹುಷಾರಾಗಿ ತೆಗೆದು ಇಲ್ಲಿ ಕೂರಿಸಿದ್ದು" ಎಂದಳು.

"ಸರಿ ಆಂಟಿ, ಅದರ ಮೇಲೇ ಇನ್ನೊಂದು ಮರ ಇಟ್ಟು ಮೊಳೆ ಹೊಡೀಲಾ?"

ಅವಳು ಹೊರಗೆ ಬಂದೇಬಿಟ್ಟಳು. "ಹೊಸ್ತಿಲಿಗೆ ಮೊಳೆನಾ? ನಿಮ್ಮಮ್ಮನ ಕೇಳ್ಕೊಂಡು ಬಾ ಹೋಗು, ಹೊಡೀಬೋದಾ ಅಂತ."

"ಬೇಡ ಆಂಟಿ, ನಮ್ಮಮ್ಮ ನಂಗೇ ಹೊಡೀತಾಳೆ" ಎಂದು ಅವನು ಎದ್ದು ನಿಂತ. ಉಳಿದದ್ದು ಒಂದೇ ದಾರಿ. ಹೊಸ್ತಿಲಿನ ಒಳಬದಿಯ ಒಂದು ಸಾಲು, ಹೊರಬದಿಯ ಒಂದು ಸಾಲು ಟೈಲ್ಸು ಒಡೆದು, ಕೆಳಗಿನ ಸಿಮೆಂಟು ಕೆತ್ತಿ, ಹಳೆಯ ಮಟ್ಟಕ್ಕೆ ಇಳಿಸುವುದು. ಹೊಸ ಟೈಲ್ಸನ್ನು ಅವನ ಮೆಷಿನ್ನು ಕೊಯ್ಯುವ ಸದ್ದಿಗೆ ನನ್ನ ಹಲ್ಲು ಜುಂ ಎನ್ನುತ್ತಿತ್ತು. ಹೊಲಿದ ಕೋಟಿನ ಕತ್ತನ್ನು ಕಣ್ಣೆದುರೇ ಬಿಚ್ಚಿದ ಹಾಗೆ. ಧೂಳೆದ್ದರೂ ಈ ಸಲ ಹೆಂಡತಿ ಎಲ್ಲಿಗೂ ಹೋಗಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಜಗಲಿಯ ತುದಿಯಲ್ಲಿ ಕೂತು ಕಾವಲಿದ್ದಳು.

ಕೆಲಸ ಮುಗಿದಾಗ ಹೊಸ್ತಿಲು ಮತ್ತೆ ಎದ್ದು ನಿಂತಿತ್ತು. ಮನೆಯ ನೆಲವೆಲ್ಲ ಕನ್ನಡಿಯ ಹಾಗೆ ಸಮ. ಬಾಗಿಲಿಗೆ ಬಂದಾಗ ಮಾತ್ರ ಒಂದು ಸಾಲು ಇಳಿಜಾರಾಗಿ ಕೆಳಗಿಳಿದು, ಹೊಸ್ತಿಲು, ಮತ್ತೆ ಆ ಕಡೆ ಒಂದು ಸಾಲು ಮೇಲಕ್ಕೆ. ಹೆಂಡತಿ ಹೊಸ್ತಿಲನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದಳು. ಸಿಮೆಂಟಿನ ಬೂದಿಬಣ್ಣವೆಲ್ಲ ಹೋಗಿ ಮರದ ಕಪ್ಪು ಕಾಣಿಸಿತು. ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಎದ್ದು ನಿಂತು, ಬಲಗಾಲು ಎತ್ತಿ ದಾಟಿ ನೋಡಿದಳು. ಕಾಲು ಇಳಿಯಬೇಕಾದಲ್ಲಿ ಇಳಿಯಿತು. "ಹ್ಞೂಂ" ಎಂದಳು.

ಸೋಮವಾರ ಬೆಳಿಗ್ಗೆ ನಾನು ಮಿಂದು, ವಿಭೂತಿ ಹಚ್ಚಿ, ಕಾಯಿ ಸುಲಿದು ದೇವರ ಮುಂದೆ ಇಟ್ಟು, ಜಗಲಿಯಲ್ಲಿ ನಿಂತೆ. ಕಾರು ಬಂತು. ಸೊಸೆ, ಮಗ, ಬೀಗರು, ಬೀಗಿತ್ತಿ. ಮಗು ಬೀಗರ ತೋಳಿನಲ್ಲಿತ್ತು. ಆರತಿ ಎತ್ತಿ ಒಳಗೆ ಕರೆದೆವು. ಬೀಗರು ಬಾಗಿಲ ಹತ್ತಿರ ಕೆಳಗೆ ನೋಡಿ, "ಇದೇನು ಬೀಗರೇ, ಇಲ್ಲೊಂದು ಹಳ್ಳ?" ಎಂದರು.

"ಡಿಸೈನು" ಎಂದೆ.

ಮಗುವನ್ನು ನೆಲಕ್ಕೆ ಬಿಟ್ಟರು. ಅದು ಕೂತಿತು. ನಾನು ಕೆಂಪು ಚೆಂಡು ತಂದಿಟ್ಟಿದ್ದೆ, ಬೀಗರ ಮನೆಯದಕ್ಕಿಂತ ದೊಡ್ಡದು. ಅದರ ಕಡೆ ನೋಡಲಿಲ್ಲ. ನಾನು ಹೊಸ್ತಿಲ ಆಚೆ ಜಗಲಿಯಲ್ಲಿ ಮಂಡಿಯೂರಿ ಕೂತು, ಗಿಲಕಿ ಆಡಿಸಿ, "ಬಾ ಚಿನ್ನ, ಬಾ ಬಂಗಾರ, ತಾತನ ಹತ್ರ ಬಾ" ಎಂದು ಕರೆದೆ. ಕೋಳಿಯ ಹಾಗೆ ಕೂಗಿದೆ, ಬೆಕ್ಕಿನ ಹಾಗೆ ಕೂಗಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಮೊಮ್ಮಗಳು ಕೂತಲ್ಲೇ ಕೂತು, ಟೈಲ್ಸಿನ ಸಂದನ್ನು ಬೆರಳಿನಿಂದ ಗೀರುತ್ತಿದ್ದಳು. "ಹೊಸ ಜಾಗ ಮಾವ, ಸ್ವಲ್ಪ ಹೊತ್ತು ಬಿಡಿ" ಎಂದಳು ಸೊಸೆ. ತಿಂಡಿಯಾಯಿತು, ಕಾಫಿಯಾಯಿತು. ಮಗು ಅಲುಗಲಿಲ್ಲ. ಇಂದು ದಾಟದಿದ್ದರೆ, ನಾಳೆ ಸೊಸೆ ಶಾಲೆಗೆ ಹೋಗುವಾಗ ಮತ್ತೆ ಜೆ.ಪಿ. ನಗರದಲ್ಲೇ ಬಿಟ್ಟು ಹೋದರೆ, ಅಲ್ಲಿ ಯಾರಾದರೂ ಬಾಗಿಲು ತೆರೆದಿಟ್ಟರೆ ಎಂದು ಎಣಿಸುತ್ತ, ಕಾಫಿ ಮುಗಿಸದೆ ಲೋಟ ಕೆಳಗಿಟ್ಟೆ.

ಆಗ ಬೀಗರು ಎದ್ದರು. "ನಾನೊಂದಿಷ್ಟು ಬ್ಯಾಂಕ್ ಕಡೆ ಹೋಗಿ ಬಂದುಬಿಡ್ತೀನಿ" ಎಂದು ಹೊರಗೆ ಹೋಗಿ, ಜಗಲಿಯಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದರು. ಬಗ್ಗಿದಾಗ ಅವರ ಬೋಳು ತಲೆ ಬಾಗಿಲಲ್ಲಿ ಕಾಣಿಸಿತು.

ಮಗು "ಆ!" ಎಂದಿತು. ಕೈ ಊರಿತು, ಮಂಡಿ ಊರಿತು. ನನ್ನ ನಡುಮನೆಯನ್ನು ಒಂದೇ ಉಸಿರಿಗೆ ದಾಟಿ, ಇಳಿಜಾರಿನ ಸಾಲಿಗೆ ಬಂದು, ಹೊಸ್ತಿಲಿನ ಮೇಲೆ ಎರಡೂ ಕೈ ಇಟ್ಟಿತು. ಅಂಗೈಗೆಲ್ಲ ಅರಿಸಿನ. ಹೊಟ್ಟೆ ಹೊಸ್ತಿಲಿಗೆ ತಾಗಿತು, ಒಂದು ಕಾಲು ಈ ಕಡೆ ಒದ್ದಾಡಿತು. ಯಾರೂ ಮುಟ್ಟಬಾರದೆಂದು ನಾನು ಎಲ್ಲರ ಕಡೆಗೂ ಕೈ ಅಡ್ಡ ಹಿಡಿದೆ. ದಾಟಿತು! ಶಿವನೇ, ದಾಟಿಯೇಬಿಟ್ಟಿತು! ನಮ್ಮ ಮನೆಯಲ್ಲಿ, ನಮ್ಮ ಹೊಸ್ತಿಲು, ನನ್ನ ಕಣ್ಣೆದುರಿಗೆ. ದಾಟಿ, ನೆಟ್ಟಗೆ ಹೋಗಿ ಬೀಗರ ಪಂಚೆಯನ್ನು ಹಿಡಿದುಕೊಂಡು ಅಳತೊಡಗಿತು.

ಬೀಗರು ಮಗುವನ್ನು ಎತ್ತಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಬೀಗರೇ, ನಿಮ್ಮ ಮನೇಲೇ ದಾಟಿದಳು ನೋಡಿ" ಎಂದರು.

"ದಾಟಿದ್ದು ನಿಮಗೋಸ್ಕರ" ಎಂದೆ. ಬಾಯಿಗೆ ಬಂದದ್ದು ಅದೇ. ಹೊಟ್ಟೆಯೊಳಗೆ ಹಾಲು ಉಕ್ಕುತ್ತಿತ್ತು, ಅದರ ಕೆಳಗೆ ಬೆಂಕಿಯೂ ಇತ್ತು. ಕಾಯಿಯನ್ನು ತಂದು ಎಷ್ಟು ಜೋರಾಗಿ ಒಡೆದೆನೆಂದರೆ ಹೆಂಡತಿ, "ಮೆಲ್ಲಗೆ ರೀ! ಟೈಲ್ಸು!" ಎಂದು ಕಿರುಚಿದಳು. ಬೀದಿಗೆಲ್ಲ ಪುರಿ ಹಂಚಿದ್ದಾಯಿತು. ಕಂಟ್ರಾಕ್ಟರೂ ಬಂದು ಬೊಗಸೆ ಒಡ್ಡಿ ತೆಗೆದುಕೊಂಡು, "ನನ್ ಹಳ್ಳ ಹೆಂಗಿದೆ ಅಂಕಲ್?" ಎಂದು ಕಣ್ಣು ಮಿಟುಕಿಸಿ ಹೋದ.

ಬೀಗರು ಮತ್ತೆ ಚಪ್ಪಲಿ ಹುಡುಕಿದರು. ಅದು ಅಲ್ಲಿರಲಿಲ್ಲ. ನಾನು ಆಗಲೇ ತೆಗೆದು ಒಳಗೆ, ಹೊಲಿಗೆ ಮೆಷಿನ್ನಿನ ಕೆಳಗೆ ಇಟ್ಟಾಗಿತ್ತು. "ಬ್ಯಾಂಕು ಎಲ್ಲಿಗೂ ಓಡೋಗಲ್ಲ. ಹೋಳಿಗೆ ಊಟ ಮಾಡದೆ ಹೋದ್ರೆ ನಮ್ಮನೆ ಹೊಸ್ತಿಲಿಗೆ ಅವಮಾನ" ಎಂದು ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ. ಮಗುವನ್ನು ಬಾಗಿಲ ಹತ್ತಿರ ಬಿಡಿಸಿ, ಅವರನ್ನು ನಡುಮನೆಯ ಆ ಕೊನೆಯ ಗೋಡೆಗೆ ಒರಗಿಸಿ ಕೂರಿಸಿದೆ. ಮಗು ನೆಲದುದ್ದಕ್ಕೂ ಅಂಬೆಗಾಲಿಟ್ಟುಕೊಂಡು ಅವರ ಬಳಿಗೆ ಓಡಿತು. ಸ್ವಲ್ಪ ಹೊತ್ತಿಗೆ, "ಅಲ್ಲಿ ಬಿಸಿಲು ಬರತ್ತೆ ಬೀಗರೇ" ಎಂದು ಈ ಮೂಲೆಗೆ ಕರೆದೆ. ಮಗು ಈ ಮೂಲೆಗೆ ಬಂತು. ಆಮೇಲೆ ಕಿಟಕಿಯ ಕೆಳಗೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ. ಬ್ಯಾಂಕಿನ ದೊಡ್ಡ ಮನುಷ್ಯರು, ಪಾಪ, ಯಾಕೆಂದು ಕೇಳದೆ ನಾನು ಹೇಳಿದ ಕಡೆಗೆಲ್ಲ ಎದ್ದು ಹೋಗಿ ಕೂತರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಆ ಮಂಡಿಗಳು ಮುಟ್ಟದ ಒಂದು ಟೈಲ್ಸೂ ಉಳಿದಿರಲಿಲ್ಲ.